ಬೋಸ್ನಿಯಾಕ್ ಮುದುಕನ ಮೇಜು

ಕೊಟ್ಟ ಕಾಫಿಯನ್ನು ಕೈಯಿಂದ ವಾಪಸ್ಸು ಕಿತ್ತುಕೊಳ್ಳುವ ಮನುಷ್ಯನನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಅಮೆರಿಕದ ಫ್ರೀಮಾಂಟಿನಲ್ಲಿ ನನ್ನ ಮಗಳ ಅಪಾರ್ಟ್‌ಮೆಂಟಿನ ಪಕ್ಕದ ಬಾಗಿಲು. ಬೋಸ್ನಿಯಾದ ಯುದ್ಧದಲ್ಲಿ ಮನೆಮಂದಿಯನ್ನೆಲ್ಲ ಕಳೆದುಕೊಂಡು ಬಂದ ಒಂಟಿ ಮುದುಕ. ತಾಮ್ರದ ಪುಟ್ಟ ಪಾತ್ರೆಯಲ್ಲಿ ಕುದಿಸಿ ಬಟ್ಟಲಿಗೆ ಬಗ್ಗಿಸಿ ಕೊಟ್ಟ.

"ಟರ್ಕಿ ಕಾಫಿ ಚೊಲೋ ಐತಿ" ಎಂದೆ. ಬಟ್ಟಲು ವಾಪಸ್ಸು!

"ಟರ್ಕಿದಲ್ಲ, ಬೋಸ್ನಿಯಾದ್ದು!"

ಅವನದು ಮುರುಕು ಇಂಗ್ಲಿಷು, ನನ್ನದು ಇನ್ನೂ ಮುರುಕು. ಜಗಳಕ್ಕೆ ಸಾಕಾಗುತ್ತಿತ್ತು.

ಅವನ ಅಜ್ಜನನ್ನು ಜನ ತುರ್ಕ ಅನ್ನುತ್ತಿದ್ದರಂತೆ. ಅಜ್ಜನಿಗೆ ಟರ್ಕಿಯ ಒಂದು ಮಾತೂ ಬರುತ್ತಿರಲಿಲ್ಲ. (ನಮ್ಮೂರಲ್ಲಿ ನಮ್ಮನ್ನೂ ಹಾಗೇ ಅನ್ನುತ್ತಿದ್ದರು, ಅದು ಬೇರೆ ಮಾತು.) ಅಪ್ಪನ ಕಾಲಕ್ಕೆ ಜನಗಣತಿಯವರು ಬಂದು ಯಾವ ಜನಾಂಗ, ಸರ್ಬನೋ ಕ್ರೋಟನೋ ಎಂದು ಕೇಳಿದರು. ಎರಡೂ ಅಲ್ಲ ಎಂದದ್ದಕ್ಕೆ 'ಇನ್ನೂ ತೀರ್ಮಾನವಾಗಿಲ್ಲ' ಎಂದು ಬರೆದುಕೊಂಡು ಹೋದರು! ಇವನ ಕಾಲಕ್ಕೆ ಸರ್ಕಾರವೇ 'ಮುಸ್ಲಿಂ' ಅನ್ನುವುದನ್ನು ಜನಾಂಗದ ಹೆಸರು ಮಾಡಿತು. ನಮಾಜು ಮಾಡದವನೂ ಮುಸ್ಲಿಮನೇ. ಕೊನೆಗೆ ಯುದ್ಧದ ನಡುವೆ ತಾವೇ ಸೇರಿ ಬೋಸ್ನಿಯಾಕ್ ಎಂದಿಟ್ಟುಕೊಂಡರು.

"ಹೆಸರಿಗ್ಯಾಕ ಇಷ್ಟು ಒದ್ದಾಡ್ತಿ? ಅಲ್ಲಾಗ ಗೊತ್ತಿದ್ರ ಸಾಕಲ್ಲ?"

"ಅಲ್ಲಾಗೆ ಗೊತ್ತಿದೆ ಅಕ್ಕಾ. ನಮ್ಮವರಿಗೆ ನಾನು ಎಲ್ಲಿದ್ದೀನಿ ಅಂತ ಗೊತ್ತಾಗಬೇಡವಾ?"

ಅಕ್ಕಾ ಅನ್ನುವುದನ್ನು ನಾನೇ ಕಲಿಸಿದ್ದೆ. ಸುತ್ತಲ ಹುಡುಗರು ಡಾಟ್‌ಕಾಮ್ ಕಂಪನಿ ತೆರೆದು ಗಳಿಗೆಗೊಂದು ಹೆಸರಿಡುತ್ತಿದ್ದ ಕಾಲ. ಇವನೊಬ್ಬ ಒಂದೇ ಹೆಸರು ಹಿಡಿದು ಕೂತಿದ್ದ.

ಈದ್ ಹಬ್ಬದ ದಿನ ಮಸೀದಿಯಲ್ಲಿ ಒಂದೊಂದು ಸೀಮೆಯವರಿಗೆ ಒಂದೊಂದು ಊಟದ ಮೇಜು, ಮೇಲೆ ಹೆಸರಿನ ರಟ್ಟು. ಹುಬ್ಬಳ್ಳಿಯವಳು ಎಂದು ಎಷ್ಟು ಬಡಿದುಕೊಂಡರೂ ನನ್ನನ್ನು ಹೈದರಾಬಾದಿನವರ ಜೊತೆ ಕೂರಿಸುತ್ತಾರೆ. ಬಿರಿಯಾನಿ ಚೆನ್ನಾಗಿರುತ್ತದೆ, ಸುಮ್ಮನಿರುತ್ತೇನೆ. ಆ ವರ್ಷ ಇವನನ್ನು ಟರ್ಕಿಯವರ ಮೇಜಿಗೆ ಕಳಿಸಿದರು. ಸುಮ್ಮನಿರುತ್ತಾನೆಯೇ! ಮಾಂಸ ತುಂಬಿ ಸುರುಳಿ ಸುತ್ತಿ ಬೇಯಿಸಿದ ತನ್ನ ತಿಂಡಿಯ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತ.

"ಚಾಚಾ, ಒಬ್ರಿಗೋಸ್ಕರ ಒಂದು ಟೇಬಲ್ ಹಾಕೋಕಾಗುತ್ತಾ?" ಎಂದ ಕಮಿಟಿಯ ಬೆಂಗಳೂರಿನವ.

"ಒಬ್ಬನೇ ಅಂತ ಯಾರು ಹೇಳಿದ್ದು ನಿನಗೆ?"

ಕೊನೆಗೆ ಚಪ್ಪಲಿ ಬಿಡುವ ಜಾಗದ ಪಕ್ಕ ಒಂದು ಮಡಚುವ ಮೇಜು, ಎರಡು ಕುರ್ಚಿ ಸಿಕ್ಕವು. ದೊಡ್ಡಕ್ಷರದಲ್ಲಿ ಬೋಸ್ನಿಯಾಕ್ ಎಂದು ಬರೆದು ನಿಲ್ಲಿಸಿದ. ಎದುರಿನ ಕುರ್ಚಿಯಲ್ಲಿ ನಾನು ಕೂತೆ. ಕಾಲು ನೋಯುತ್ತಿತ್ತು, ಅಷ್ಟೇ.

"ಎಲ್ಲದಾರ ನಿಮ್ಮ ಮಂದಿ? ಒಂದ್ ನೊಣಾನೂ ಬರವಲ್ದು!"

"ಬಾಯಿ ಮುಚ್ಚಿಕೊಂಡು ತಿನ್ನು, ಅಕ್ಕಾ."

ಬಾಯಿ ಮುಚ್ಚಿ ತಿನ್ನುವುದು ಹೇಗೆ ಎಂದು ಕೇಳುವಷ್ಟರಲ್ಲಿ, ಚಪ್ಪಲಿ ಹುಡುಕುತ್ತ ಬಂದ ಒಬ್ಬ ಹೆಣ್ಣುಮಗಳು ರಟ್ಟು ಓದಿ ನಿಂತುಬಿಟ್ಟಳು. ಕಂಕುಳಲ್ಲಿ ಕೂಸು. ಅವನ ಭಾಷೆಯಲ್ಲೇ ಏನೋ ಕೇಳಿದಳು. ಊರೆಲ್ಲರ ಜೊತೆ ವಾದ ಮಾಡುವ ಮುದುಕ ಕೂಸಿನ ಪಾದ ಹಿಡಿದು ಕೆನ್ನೆಗೆ ಒತ್ತಿಕೊಂಡ.

ನಾನು ಎದ್ದು ಕುರ್ಚಿ ಬಿಟ್ಟುಕೊಟ್ಟೆ.