ಗೋಡೆ ದಾಟಿ ಬಂದ ಸೀನು

ಗಂಡ: ಆಗಲ್ಲ ಅಂದ್ರೆ ಆಗಲ್ಲ! ಕೋರ್ಟಲ್ಲೇ ನೋಡ್ಕೋತೀನಿ!

ಹೆಂಡತಿ: ಏನ್ ನೋಡ್ಕೋತೀರಿ? ಸೀನಿದ್ದು ಅವರೇ ತಾನೇ?

ಜಪಾನಿನ ಕಾರ್ಟೂನುಗಳಿಗೆ ನಮ್ಮ ಮಾತು ಕೂರಿಸುವ ಕಂಪನಿ ಅದು. ಗಂಡ ಗಾಜಿನ ಆಚೆ ಮೈಕಿನ ಮುಂದೆ, ಹೆಂಡತಿ ಈಚೆ ಗುಂಡಿಗಳ ಮುಂದೆ, ಕಂಪನಿ ಅಷ್ಟೇ. ಎರಡು ವರ್ಷದ ಹಿಂದೆ ಪಕ್ಕದಂಗಡಿಯ ದರ್ಜಿ ಮಾಸ್ತರರು ಸೀನಿದ್ದು ಗೋಡೆ ದಾಟಿ ಮೈಕಿಗೆ ಬಿದ್ದಿತ್ತು. ಗಂಡ ಅದನ್ನೇ ಹಿಗ್ಗಿಸಿ ಡ್ರ್ಯಾಗನ್ನಿನ ಗರ್ಜನೆ ಮಾಡಿಬಿಟ್ಟ. ಅರವತ್ತಮೂರು ಕಂತು ಗರ್ಜಿಸಿದ ಮೇಲೆ ಈಗ ಮಾಸ್ತರರ ವಕೀಲರಿಂದ ನೋಟಿಸು. ಕೊನೆಯ ಕಂತು ನಾಳೆ ಟೀವಿಗೆ ಹೋಗಬೇಕು. ಕೋರ್ಟು ತಡೆದರೆ ಕಂಪನಿಗೆ ಬೀಗವೇ ಗತಿ.

ಗಂಡ: ಜಡ್ಜ್ ಮುಂದೆ ಸೀನಿ ತೋರಿಸ್ಲಿ! ಹೇಳಿದ ತಕ್ಷಣ ಸೀನೋ ಮನುಷ್ಯ ಇನ್ನೂ ಹುಟ್ಟಿಲ್ಲ. ಗೆದ್ವಿ!

ಹೆಂಡತಿ: ರಾಜಿ ಆಗೋಣ ರೀ. ಕೇಳದೆ ತಗೊಂಡಿದ್ದು ನಾವು.

ಗಂಡ: ನಾನೇನು ಕರೆದಿದ್ನಾ? ನಮ್ಮ ಮನೆಯೊಳಗೆ ಬಂದ ಸೀನು ನಮ್ದೇ!

ಹೆಂಡತಿ: ಹಾಗಾದ್ರೆ ನಿಮ್ಮ ಗೊರಕೆ ಪಕ್ಕದ ಮನೆಯವರದ್ದಾ? ಬಂದು ತಗೊಂಡ್ಹೋಗಿ ಅಂತ ಹೇಳ್ಲಾ?

ಬಾಗಿಲು ತೆರೆಯಿತು. ಕೊರಳಲ್ಲಿ ಅಳತೆ ಟೇಪು, ಕಿವಿಯ ಮೇಲೆ ಸೀಮೆಸುಣ್ಣ, ಸಾಕ್ಷಾತ್ ಮಾಸ್ತರರು.

ಮಾಸ್ತರ್: ಗೋಡೆ ತೆಳ್ಳಗಿದೆ. ಎಲ್ಲಾ ಕೇಳಿಸ್ತು.

ಗಂಡ: (ದನಿ ಇಳಿಸಿ) ಬನ್ನಿ ಮಾಸ್ಟ್ರೇ, ಕೂತ್ಕೊಳ್ಳಿ. ನಿಮಗೇನ್ ಬೇಕು ಹೇಳಿ.

ಮಾಸ್ತರ್: ಕೊನೇ ಕಂತಲ್ಲಿ ನಾನು ಸಾಯ್ತೀನಂತೆ?

ಗಂಡ: ನೀವಲ್ಲ, ಡ್ರ್ಯಾಗನ್ನು!

ಮಾಸ್ತರ್: ಮೊಮ್ಮಗಳಿಗೆ ಎರಡೂ ಒಂದೇ. ಟೀವಿ ಜಾಹೀರಾತು ನೋಡಿದಾಗಿಂದ "ತಾತ, ಸಾಯ್ಬೇಡ" ಅಂತ ನನ್ನ ಅಂಗಿ ಬಿಡ್ತಿಲ್ಲ. ಸಾಯಿಸ್ಬೇಡಿ, ಕೇಸು ವಾಪಸ್ಸು.

ಗಂಡ: ಚಿತ್ರ ಬರೆಯೋದು ಜಪಾನಲ್ಲಿ! ನಮ್ಮ ಕೈಲಿರೋದು ಬರೀ ಬಾಯಿ!

ಹೆಂಡತಿ: ತಡೀರಿ. ಡ್ರ್ಯಾಗನ್ ಬಿದ್ದ ಮೇಲೆ ಪರದೆ ನಾಲ್ಕು ಸೆಕೆಂಡು ಕಪ್ಪಾಗುತ್ತೆ. ಆ ಕತ್ತಲಲ್ಲಿ ಒಂದು ಸೀನು ಹಾಕೋಣ. ಸತ್ತವರು ಸೀನ್ತಾರಾ?

ಮಾಸ್ತರ್: (ಎದ್ದು ನಿಂತು) ರಾಜಿ!

ಗಂಡ: ರಾಜಿ! ಹಳೇ ಸೀನೇ ಇದೆ, ಅಂಟಿಸ್ತೀನಿ.

ಮಾಸ್ತರ್: ಛೇ! ಅದು ಸಿಟ್ಟಿನದು. ಬದುಕಿ ಉಳಿದವನ ಸೀನೇ ಬೇರೆ. ಹೊಸದು ಕೊಡ್ತೀನಿ, ಮೈಕ್ ಹಾಕಿ!

ಮೈಕಿನ ಕೆಂಪು ದೀಪ ಹತ್ತಿತು. ಮಾಸ್ತರರು ಮೂಗು ಅರಳಿಸಿದರು, ಬಾಯಿ ಕಳೆದರು, ದಾರದ ತುದಿಯಿಂದ ಕಚಗುಳಿ ಇಟ್ಟುಕೊಂಡರು. ಬರಲಿಲ್ಲ. ಮೆಣಸಿನ ಪುಡಿ ಹಿಡಿದು ನಿಂತಿದ್ದ ಗಂಡನೇ "ಪಿಚ್" ಎಂದ.

ಮಾಸ್ತರ್: ಇದು ಇಲಿಮರಿ.

ಹೆಂಡತಿ: ಹೇಳಿದ ತಕ್ಷಣ ಸೀನೋ ಮನುಷ್ಯ ಹುಟ್ಟಿಲ್ಲ ಅಂತ ಯಾರೋ ಕುಣೀತಿದ್ರಪ್ಪ!

ಮಾಸ್ತರರು ಮುಖ ಸಣ್ಣದು ಮಾಡಿಕೊಂಡು ಅಂಗಡಿಗೆ ಹೋದರು. ಹಳೆಯ ಉಣ್ಣೆ ಕೋಟೊಂದನ್ನು ಪಟಪಟ ಕೊಡವಿದ ಸದ್ದು ಗೋಡೆಯಾಚೆ ಕೇಳಿಸಿತು. ಆಮೇಲೆ, "ಆ... ಆ... ಆಕ್ಷೀ!"

ಗಾಜು ನಡುಗಿತು. ಕೆಂಪು ದೀಪ ಇನ್ನೂ ಉರಿಯುತ್ತಿತ್ತು. ಗಂಡ ಕುಣಿದು ಬಂದು ಸೀನು ಉಳಿಸಿಕೊಳ್ಳುವ ಗುಂಡಿಗೆ ಬೆರಳು ಚಾಚಿದ. ಹೆಂಡತಿ ಅವನನ್ನೇ ನೋಡಿದಳು. ಬೆರಳು ಅಲ್ಲೇ ನಿಂತಿತು. ಅವನು ಹೋಗಿ ಗೋಡೆ ತಟ್ಟಿದ.

ಗಂಡ: ಮಾಸ್ಟ್ರೇ! ಇದನ್ನ ನಾವು ತಗೋಬಹುದಾ?

ಮಾಸ್ತರ್: (ಗೋಡೆಯಾಚೆಯಿಂದ) ತಗೊಳ್ಳಿ, ತಗೊಳ್ಳಿ! ಈ ಮಾತು ಅವತ್ತೇ ಕೇಳಿದ್ದಿದ್ರೆ, ಆ ವಕೀಲನಿಗೆ ಫೀಸಿನ ಬದಲು ಎರಡು ಕೋಟು ಹೊಲಿಯೋದಾದ್ರೂ ತಪ್ತಿತ್ತು!