ಸೀನಿನ ಶಕುನ

ಒಂಟಿ ಸೀನು ಅಪಶಕುನ, ಜೋಡಿ ಸೀನು ಶುಭ ಎಂದು ನಂಬುವ ಮನೆಯಲ್ಲಿ ಹುಟ್ಟಿ ಬೆಳೆದವಳು ನಾನು. ಹೆರಿಗೆಯಾದ ಮೇಲೆ ನನ್ನ ಮಟ್ಟಿಗೆ ಈ ಶಾಸ್ತ್ರಕ್ಕೆ ತಿದ್ದುಪಡಿಯಾಗಿದೆ. ಒಂದು ಸೀನು ಬಂದರೆ ಒಳಉಡುಪು ಬದಲಾಯಿಸಬೇಕು, ಜೋಡಿ ಬಂದರೆ ನೈಟಿಯನ್ನೂ. ಇದನ್ನೆಲ್ಲ ಬರೆಯಲು ನಾಚಿಕೆಯಾಗುವುದಿಲ್ಲವೇ ಎಂದು ಕೇಳಬೇಡಿ. ನನಗೆ ಬಂದಿರುವ ಸಿಟ್ಟಿನ ಮುಂದೆ ನಾಚಿಕೆ ಯಾವ ಲೆಕ್ಕ?

ಬಾಣಂತನಕ್ಕೆಂದು ಶಂಕರಪುರದ ತವರಿಗೆ ಬಂದಾಗ ನನಗೆ ಸಿಗದ ಸಲಹೆಯೇ ಇರಲಿಲ್ಲ. ಕಿವಿಗೆ ಹತ್ತಿ ಇಡು, ತಣ್ಣೀರು ಮುಟ್ಟಬೇಡ, ಹೆಚ್ಚು ಹೊತ್ತು ಓದಬೇಡ. ಹೊಟ್ಟೆ ಮುಂದೆ ಬರಬಾರದೆಂದು ಅಮ್ಮ ಹಳೆಯ ಸೀರೆಯನ್ನು ಬಿಗಿದ ರಭಸಕ್ಕೆ ನನ್ನ ಉಸಿರೇ ನಿಂತಿತ್ತು. ಇನ್ನಂಜೆಯ ಅತ್ತೆಯಂತೂ ನನ್ನ ಎದೆಹಾಲಿನ ವಿಚಾರವನ್ನು ಫೋನಿನ ಸ್ಪೀಕರ್ ಹಾಕಿ, ಮಾವನ ಎದುರೇ ಚರ್ಚಿಸಿದರು. ಆದರೆ ಕೆಳಗಿನ ಗತಿ ಏನು ಎಂದು ಒಬ್ಬರಾದರೂ ಬಾಯಿ ಬಿಟ್ಟರೇ? ಇಲ್ಲ. ರಜೆ ಮುಗಿದ ಮೇಲೆ ಕಾಪುವಿನ ಶಾಲೆಯಲ್ಲಿ ನಲವತ್ತು ಮಕ್ಕಳ ಮುಂದೆ ನಿಲ್ಲಬೇಕಾದವಳು ನಾನು. ಸೀಮೆಸುಣ್ಣದ ಧೂಳಿಗೆ ಸೀನದೆ ಪಾಠ ಮಾಡುವುದು ಹೇಗೆ ಎಂದು ಬಚ್ಚಲಿನಲ್ಲಿ ಕೂತು ಅತ್ತದ್ದೂ ಉಂಟು. ಲೋಕದಲ್ಲಿ ನನಗೊಬ್ಬಳಿಗೇ ಹೀಗಾಗಿದೆ ಎಂದುಕೊಂಡಿದ್ದೆ.

ಗುಟ್ಟು ರಟ್ಟಾದದ್ದು ನಮ್ಮ ಜಗಲಿಯಲ್ಲಿ. ಬೆಳಿಗ್ಗೆ ಕೊಯ್ದ ಮಲ್ಲಿಗೆಯನ್ನು ಬಾಳೆ ನಾರಿನಲ್ಲಿ ಕಟ್ಟಲು ಅಮ್ಮನ ಜೊತೆ ಪಕ್ಕದ ಮನೆಯ ಗಿರಿಜಕ್ಕ, ಲಿಲ್ಲಿಬಾಯಿ ಬಂದು ಕೂರುವುದು ವಾಡಿಕೆ. ಅಂದು ಗಿರಿಜಕ್ಕ ತಮ್ಮ ಗಂಡ ಹಲ್ಲುಸೆಟ್ಟು ಹುಡುಕಿದ ಕತೆ ಹೇಳಿದರು. ಸೆಟ್ಟು ಬಾಯಲ್ಲೇ ಇತ್ತಂತೆ. ನಗು ಏರುತ್ತಿದ್ದ ಹಾಗೆ ಮೂವರೂ ಒಟ್ಟಿಗೆ ಮಂಡಿಗೆ ಮಂಡಿ ಸೇರಿಸಿ ಒತ್ತಿಕೊಂಡರು. ನಾನೂ ಒತ್ತಿಕೊಂಡಿದ್ದೆ!

"ನಿಮಗೂ ಉಂಟಾ?" ಎಂದೆ.

"ಹೆತ್ತವರಿಗೆಲ್ಲ ಇರುವುದೇ ಅಲ್ವಾ ಅದು," ಎಂದರು ಲಿಲ್ಲಿಬಾಯಿ, ನಾರಿನಿಂದ ಕಣ್ಣು ತೆಗೆಯದೆ.

"ಮತ್ತೆ ನನಗೆ ಯಾಕೆ ಹೇಳಲಿಲ್ಲ ಅಮ್ಮ?"

"ಬಸುರಿಯನ್ನು ಹೆದರಿಸುವುದಾ ಮಾರಾಯ್ತಿ?"

ನನಗೆ ಉರಿದುಹೋಯಿತು. ಹಾವು ಚೇಳುಗಳ ಕತೆ ಹೇಳಿ ನನ್ನನ್ನು ಬೆಳೆಸಿದ ಹೆಂಗಸು ಈಗ ಹೆದರಿಕೆಯ ಮಾತಾಡುತ್ತಾಳೆ! ಮರುದಿನವೇ ಮಗುವನ್ನು ಅವಳ ಮಡಿಲಿಗೆ ಹಾಕಿ ಮಣಿಪಾಲದ ಬಸ್ಸು ಹತ್ತಿದೆ. ಅಲ್ಲಿನ ಫಿಸಿಯೋಥೆರಪಿಯ ಹುಡುಗಿ ನಗಲಿಲ್ಲ. ಮೂತ್ರಕೋಶ, ಗರ್ಭಕೋಶಗಳನ್ನು ಕೆಳಗಿನಿಂದ ಹೊತ್ತುಕೊಂಡಿರುವ ಸ್ನಾಯುಗಳು ಹೆರಿಗೆಯಲ್ಲಿ ಸಡಿಲವಾಗುತ್ತವೆ, ಸೀನಿದರೆ, ನಕ್ಕರೆ ಮೂತ್ರ ಸೋರುತ್ತದೆ, ತುಂಬ ಜನರಿಗೆ ಹೀಗಾಗುತ್ತದೆ, ಆದರೆ ಸಹಿಸಿಕೊಂಡೇ ಇರಬೇಕಾಗಿಲ್ಲ ಎಂದಳು. ಆ ಸ್ನಾಯುಗಳನ್ನು ಮೇಲಕ್ಕೆ ಎಳೆದು, ಸ್ವಲ್ಪ ಹೊತ್ತು ಹಿಡಿದು, ಬಿಡುವುದನ್ನು ಕಲಿಸಿದಳು. ಉಸಿರು ಮಾತ್ರ ಕಟ್ಟಬಾರದು. ಕೂತಲ್ಲೇ ಮಾಡಬಹುದು, ಯಾರಿಗೂ ಗೊತ್ತಾಗುವುದಿಲ್ಲ.

ಮನೆಗೆ ಬಂದವಳೇ ಜಗಲಿಯಲ್ಲಿ ತರಗತಿ ತೆರೆದೆ. ಇನ್ನು ಮೇಲೆ ಈ ಊರಿನಲ್ಲಿ ಒಬ್ಬ ಬಸುರಿಯೂ ಇದು ತಿಳಿಯದೆ ಹೆರಬಾರದು ಎಂದು ಘೋಷಿಸಿದೆ. ಮೂವರೂ ಹೂ ಕಟ್ಟುತ್ತಲೇ ಅಭ್ಯಾಸ ಶುರು ಮಾಡಿದರು. ಒಂದೇ ತೊಂದರೆ. ಮಲ್ಲಿಗೆ ಮಾಲೆ ಸುತ್ತಿದ ಒಂದೊಂದು ಚೆಂಡಿಗೂ ಇಂತಿಷ್ಟೇ ಎಂದು ಹೂವುಗಳನ್ನು ಎಣಿಸಿ ಕಟ್ಟಬೇಕು, ಸ್ನಾಯು ಹಿಡಿದು ಬಿಡುವುದಕ್ಕೂ ಎಣಿಸಬೇಕು. ಎರಡೂ ಎಣಿಕೆ ಕಲಸಿಹೋಗಿ ಒಂದು ಚೆಂಡು ದಪ್ಪ, ಇನ್ನೊಂದು ಬಡಕಲು ಆಗತೊಡಗಿತು.

ನಾಲ್ಕನೆಯ ದಿನ ಮಾರಾಟಕ್ಕೆ ಹೂ ಒಯ್ಯುವ ಸುಮತಿ ಬಂದಳು. ಏಳು ತಿಂಗಳ ಬಸುರಿ. ಮೆಟ್ಟಿಲ ಮೇಲೆ ಕೂತು ಏದುಸಿರು ಬಿಡುತ್ತಾ, "ಎಂತ ಅಕ್ಕ, ನಿಮ್ಮ ಮನೆಯ ಹೂವಿನ ಲೆಕ್ಕ ಯಾವತ್ತೂ ತಪ್ಪುವುದಿಲ್ಲ. ಈಗ ಎಂತ ಆಯಿತು?" ಎಂದು ನನ್ನನ್ನೇ ಕೇಳಿದಳು.

ಮೂವರೂ ಕೈ ನಿಲ್ಲಿಸಿ ನನ್ನ ಮುಖ ನೋಡಿದರು. ಹೇಳಲು ಇದಕ್ಕಿಂತ ಒಳ್ಳೆಯ ಗಳಿಗೆ ಬೇಕೇ? ಸುಮತಿಯೋ ಹೊಟ್ಟೆಯ ಮೇಲೆ ಕೈಯಿಟ್ಟು ನಗುತ್ತಿದ್ದಳು.

"ಅಮ್ಮನ ಕನ್ನಡಕ ಬದಲಾಯಿಸಬೇಕು," ಎಂದುಬಿಟ್ಟೆ.

"ಹೌದಾ, ಪಾಪ," ಎಂದು ಅವಳು ಹೂ ಎತ್ತಿಕೊಂಡು ಹೋದಳು. ಗೇಟಿನ ಸದ್ದು ಕೇಳಿಸಿದ ಮೇಲೆ ಅಮ್ಮ ತನ್ನ ಕನ್ನಡಕ ತೆಗೆದು, ಸೆರಗಿನಿಂದ ನಿಧಾನವಾಗಿ ಒರೆಸಿ, "ಯಾಕೆ ಹೇಳಲಿಲ್ಲ?" ಎಂದಳು.

"ಬಸುರಿ ಅಲ್ವಾ ಅಮ್ಮ. ಹೆದರಿಯಾಳು..."

ಗಿರಿಜಕ್ಕನೇ ಮೊದಲು ನಕ್ಕದ್ದು. ಮಂಡಿ ಮೊದಲು ಒತ್ತಿಕೊಂಡವಳು ಮಾತ್ರ ನಾನು.