ಜುಜುತ್ಸು ಕಲಿಯುವವರು ನೋಡಬೇಕಾದ ಮೂರು ಸಿನಿಮಾ, ನೋಡಿದವರು ಮೂವರು

ನನ್ನ ಜತೆ ಕುಸ್ತಿಗೆ ಒಬ್ಬರನ್ನು ಹುಡುಕಲು ಏನು ಮಾಡಹೊರಟರೂ ಅದು ಊರವರಿಗೆ ನಗುವ ವಿಷಯವಾಗಿಬಿಡುತ್ತದೆ. ಈಗೀಗ ನಾನೂ ನಗುತ್ತೇನೆ, ಒಬ್ಬನೇ.

ಮುಂಬಯಿಯ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುತ್ತಿದ್ದ ಎಂಟು ವರ್ಷ, ಬಿಡುವಿನಲ್ಲಿ ಬ್ರೆಜಿಲಿಯನ್ ಜುಜುತ್ಸು ಕಲಿತೆ. ನೆಲಕ್ಕೆ ಬಿದ್ದು ಹಿಡಿಯುವ ಕುಸ್ತಿ. ಸಿಕ್ಕಿಬಿದ್ದವನು ಅಂಗೈಯಿಂದ ಎರಡು ಸಲ ತಟ್ಟಿದರೆ ಸೋತೆ ಎಂದರ್ಥ, ಹಿಡಿದವನು ತಕ್ಷಣ ಬಿಡಬೇಕು. ಬ್ರಹ್ಮಾವರಕ್ಕೆ ಬಂದು ಹಾರ್ಡ್‌ವೇರ್ ಅಂಗಡಿ ಇಟ್ಟು, ಮಹಡಿಯಲ್ಲಿ ಮ್ಯಾಟ್ ಹಾಸಿದೆ. ಆದರೆ ಇದಕ್ಕೆ ಇಬ್ಬರು ಬೇಕಲ್ಲ. ಗೋಣಿಚೀಲಕ್ಕೆ ತೆಂಗಿನ ನಾರು ತುಂಬಿ, ನನ್ನ ಹಳೇ ಅಂಗಿ ತೊಡಿಸಿ, ಎರಡು ವರ್ಷ ಅದರ ಜತೆಗೇ ಹೊರಳಾಡಿದೆ. ಒಂದು ದಿನ ಅದಕ್ಕೆ ನೋವಾಯಿತಾ ಅಂತ ಕೇಳಿಬಿಟ್ಟೆ. ಹೆದರಿಕೆಯಾಯಿತು. ಆದಿತ್ಯವಾರ ಮಧ್ಯಾಹ್ನ ಪುಕ್ಕಟೆ ಸಿನಿಮಾ ತೋರಿಸುವುದು, ನೋಡಿದವರಲ್ಲಿ ಒಬ್ಬನಾದರೂ ಕಲಿಯಲು ಬಂದಾನು ಎಂದು ಲೆಕ್ಕ ಹಾಕಿದೆ.

ಮೀನಿನ ಅಕ್ಕ

ಮೊದಲ ವಾರ ಬ್ರೆಜಿಲಿನ ಪಂದ್ಯಗಳ ಸಾಕ್ಷ್ಯಚಿತ್ರ. ಬಂದದ್ದು ಮೀನು ಮಾರುವ ಅಕ್ಕ ಒಬ್ಬಳೇ, ಅದೂ ಫ್ಯಾನಿನ ಗಾಳಿಗೆ. ಅರ್ಧ ಗಂಟೆ ಕಣ್ಣು ಮಿಟುಕಿಸದೆ ನೋಡಿದಳು. ನನಗೆ ಆಸೆ ಹುಟ್ಟಿತು.

"ಮಗಾ, ಇವ್ರ್ ಜಗಳ ಶುರು ಮಾಡೂದ್ ಯಾವಾಗ?" ಅಂದಳು.

ಇದೇ ಜಗಳ ಎಂದೆ. ಹೀಗೆ ಅಪ್ಪಿಕೊಂಡು ಮಲಗಿ ಜಗಳ ಮಾಡಿದರೆ ತನ್ನ ಬೂತಾಯಿ ಮೀನು ಯಾವಾಗಲೋ ಹಾಳಾಗಿರುತ್ತಿತ್ತು ಎಂದು ಬುಟ್ಟಿ ಎತ್ತಿಕೊಂಡು ಹೋದಳು.

ವೇಷಧಾರಿ

ಎರಡನೇ ವಾರ ಒಬ್ಬನೇ ಹತ್ತು ಜನರನ್ನು ಕೆಡವುವ ಸಿನಿಮಾ. ಸಾಲಿಗ್ರಾಮ ಕಡೆಯ ಯಕ್ಷಗಾನದ ವೇಷಧಾರಿ ಒಬ್ಬರು ಬಂದಿದ್ದರು. ಮಳೆಗಾಲ, ಮೇಳಕ್ಕೆ ತಿರುಗಾಟವಿಲ್ಲ. ಸಿನಿಮಾ ಮುಗಿದ ಮೇಲೆ ಅವರಿಗೆ ಒಂದೇ ಬೇಸರ: ತಾನು ಯಾರು, ಯಾಕೆ ಬಂದೆ ಎಂದು ಹೇಳದೆ ಹೊಡೆಯುವುದು ಎಂಥ ಯುದ್ಧ? ಹಾಗಾದರೆ ನೀವೇ ಮ್ಯಾಟಿಗೆ ಬನ್ನಿ ಎಂದೆ. ಬಂದರು. ಸೊಂಟಕ್ಕೆ ಕೈಯಿಟ್ಟು ತನ್ನ ಪರಿಚಯ ಹೇಳತೊಡಗಿದರು. ನಾನು ಮಂಡಿಯೂರಿ ಮುಕ್ಕಾಲು ಗಂಟೆ ಕಾದೆ. ವಂಶದ ವಿಷಯ ಮುಗಿಯುವಷ್ಟರಲ್ಲಿ ಅವರ ಬಸ್ಸಿನ ಹೊತ್ತಾಯಿತು.

ಕಂಡಕ್ಟರ್

ಮೂರನೆಯದು ಹಳೇ ಜಪಾನಿ ಚಿತ್ರ, ನಿಧಾನ. ಬಂದವನು ಬೈಂದೂರು ಕಡೆಯ ಬಸ್ಸಿನ ಕಂಡಕ್ಟರ್. ಪರದೆಯ ಮೇಲೆ ಹೆಸರುಗಳು ಮುಗಿಯುವ ಮೊದಲೇ ನಿದ್ದೆ ಹೋದ. ನನಗೆ ಸಿಟ್ಟು ಬರಲಿಲ್ಲ. ಇನ್ನೊಬ್ಬರ ಉಸಿರಿನ ಸದ್ದು ಆ ಕೋಣೆಯಲ್ಲಿ ಕೇಳಿ ಎಷ್ಟು ದಿನವಾಗಿತ್ತು.

ಎದ್ದವನು ನಾಚಿಕೊಂಡು, "ಎಂತದ್ ಅದ್, ಒಂಚೂರ್ ತೋರ್ಸಿ ಕಾಂಬ" ಅಂದ.

ಹಿಂದಿನಿಂದ ಕುತ್ತಿಗೆಗೆ ಕೈ ಹಾಕುವ ಹಿಡಿತ ಹೇಳಿಕೊಟ್ಟೆ. ವರ್ಷಗಟ್ಟಲೆ ಬಸ್ಸಿನ ಬಾಗಿಲಿಗೆ ಜೋತುಬಿದ್ದ ತೋಳು, ನನ್ನ ಕುತ್ತಿಗೆಗೆ ಚೆನ್ನಾಗಿಯೇ ಕೂತಿತು. ಸಾಕೆಂದು ಅವನ ತೋಳಿಗೆ ಎರಡು ಸಲ ತಟ್ಟಿದೆ. ಅವನು ಇನ್ನೂ ಬಿಗಿ ಮಾಡಿದ. ಮತ್ತೆ ಎರಡು ತಟ್ಟಿದೆ. ಉತ್ಸಾಹದಿಂದ ಮತ್ತೂ ಬಿಗಿದ. ಕಣ್ಣು ಮಂಜಾಗುವಾಗ ಅವನ ಮೀಸೆ ಸಿಕ್ಕಿತು, ಎಳೆದೆ, ಬಿಟ್ಟ.

ತಟ್ಟಿದರೂ ಯಾಕೆ ಬಿಡಲಿಲ್ಲ ಎಂದು ಕೆಮ್ಮುತ್ತಾ ಕೇಳಿದೆ.

"ಬಸ್ಸಿಗ್ ಎರಡ್ ಸಲ ತಟ್ಟಿರೆ ಹೋಪುದಲ್ದಾ ಮಾರಾಯ್ರೆ? ನಿಲ್ಸೂಕೆ ಒಂದೇ."

ನಾನು ನಕ್ಕೆ. ಅವನೂ ನಕ್ಕ. ಆ ಕೋಣೆಯಲ್ಲಿ ಇಬ್ಬರು ಒಟ್ಟಿಗೆ ನಕ್ಕದ್ದು ಅದೇ ಮೊದಲು. ಟ್ರಿಪ್ಪಿಗೆ ಇನ್ನೂ ಅರ್ಧ ಗಂಟೆಯಿತ್ತು, ಆದರೂ ಅವನು ಚಪ್ಪಲಿ ಹಾಕಿಕೊಂಡು ಮೆಟ್ಟಿಲಿಳಿಯತೊಡಗಿದ. ಮೂಲೆಯಲ್ಲಿ ಗೋಣಿಚೀಲ ನನ್ನ ಅಂಗಿ ತೊಟ್ಟು ಕೂತಿತ್ತು. ಕೂಗಿ ಕರೆಯಲು ಗಂಟಲೂ ಇರಲಿಲ್ಲ, ಧೈರ್ಯವೂ ಇರಲಿಲ್ಲ.

ಗೋಡೆಗೆ ಒಂದೇ ಒಂದು ಸಲ ತಟ್ಟಿದೆ.

ಹೆಜ್ಜೆ ನಿಂತಿತು. ಕೆಳಗಿನಿಂದ ಕೇಳಿದ: "ಎಂತ, ಇಳೂದಾ, ಹತ್ತೂದಾ?"

"ಹತ್ತಿ," ಎಂದೆ. "ಚಾ ಇಡ್ತೆ."